ಕೊಳಾಯಿ ಬಂದ ವರ್ಷ ನಮ್ಮ ತಿಪ್ಪೆ ಹೊಗೆಯಾಡಿದ್ದು

ನಾವೀಗ ಇರುವ ತಣಿಸಂದ್ರದ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಪಕ್ಕ ಒಂದು ನೋಟೀಸ್ ಬೋರ್ಡ್ ಇದೆ. ಟ್ಯಾಂಕರ್ ನೀರು ತಡವಾಗುತ್ತದೆ, ಯಾರದೋ ನಾಯಿ ಲಿಫ್ಟಿನಲ್ಲಿ ಗಲೀಜು ಮಾಡಿದೆ, ಇಂಥ ಸಮಾಚಾರಗಳ ನಡುವೆ ಹೋದ ತಿಂಗಳು ಒಂದು ಹೊಸ ಚೀಟಿ ಅಂಟಿಸಿದ್ದರು. ಮನೆಯಲ್ಲೇ ಗೊಬ್ಬರ ಮಾಡುವುದನ್ನು ಕಲಿಯಿರಿ, ಹಿರಿಯರಿಗೂ ಸ್ವಾಗತ ಅಂತ. ತೊಂಬತ್ತರ ಹತ್ತಿರ ಬಂದ ಮೇಲೆ ಗೊಬ್ಬರದ ಕ್ಲಾಸಿಗೆ ಹೋಗುವ ಯೋಗ ಕೂಡಿ ಬಂತಲ್ಲ ಅಂತ ಖುಷಿಯಾಗಿ, ಮಲಗಿದ್ದ ಹೆಂಡತಿ ಜಯಮ್ಮನನ್ನೂ ಎಬ್ಬಿಸಿಕೊಂಡು ಕೆಳಗಿಳಿದೆ.

ಕೈಗವಸು ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಒಂದರ ಮೇಲೊಂದು ಪೇರಿಸಿದ ಮಣ್ಣಿನ ಮಡಕೆಗಳ ಮುಚ್ಚಳ ತೆಗೆದಳು. ವಾಸನೆ ಎದ್ದಿತು. ಸುತ್ತ ನಿಂತವರೆಲ್ಲ ಮೂಗಿಗೆ ಕೈ ಕೊಟ್ಟರು. ನಾನೊಬ್ಬ ಮೂಗು ಅರಳಿಸಿ ಉಸಿರೆಳೆದುಕೊಂಡೆ. ಆ ಹುಡುಗಿಗೆ ಆಶ್ಚರ್ಯ.

"ಅಂಕಲ್, ನಿಮ್ಗೆ ಕಾಂಪೋಸ್ಟ್ ಬಗ್ಗೆ ಐಡಿಯಾ ಇದ್ಯಾ?"

"ಸ್ವಲ್ಪ ಇದೆ ಕಣಮ್ಮ. ನನಗೆ ಮದುವೆ ಆಗಿದ್ದೇ ಇದರಿಂದ" ಅಂದೆ.

ಪಾಪ, ವಯಸ್ಸಾದವರು ಹೀಗೆಲ್ಲ ಮಾತಾಡುತ್ತಾರೆ ಅಂತ ಆ ಹುಡುಗಿ ನಕ್ಕು ಮುಂದಕ್ಕೆ ಹೋದಳು. ಜಯಮ್ಮ ನನ್ನ ತೋಳು ಚಿವುಟಿದಳು. ಆದರೆ ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ನಮ್ಮೂರು ಈ ಅಪಾರ್ಟ್‌ಮೆಂಟಿನಿಂದ ಕೂಗಳತೆ ದೂರದಲ್ಲಿತ್ತು. ಈಗಲೂ ಇದೆ ಅನ್ನಿ, ಕಟ್ಟಡಗಳ ಮಧ್ಯೆ ಹಲ್ಲಿನ ಸಂದಿಯಲ್ಲಿ ಅಡಕೆ ಚೂರು ಸಿಕ್ಕಿಕೊಂಡ ಹಾಗೆ. ಐವತ್ತರ ದಶಕದ ಕೊನೆಯಲ್ಲಿ ಅದು ಎರಡೇ ಬೀದಿಯ ಹಳ್ಳಿ. ದಿಬ್ಬದ ಮೇಲಿದ್ದದ್ದು ಮೇಲಿನ ಬೀದಿ, ನಮ್ಮದು ಕೆಳಗಿನ ಬೀದಿ. ಎರಡಕ್ಕೂ ಸೇರಿ ಒಂದೇ ಸೇದುವ ಬಾವಿ, ಅದು ನಮ್ಮ ಬೀದಿಯಲ್ಲಿ, ನಮ್ಮ ಮನೆಯ ಎದುರಿಗೆ. ಹೆಬ್ಬಾಳದ ಕೆರೆ ತುಂಬಿದ ವರ್ಷ ಆ ಬಾವಿಯ ನೀರು ಮೇಲಕ್ಕೆ ಬರುತ್ತಿತ್ತು. ಬೇಸಿಗೆಯಲ್ಲಿ ಹಗ್ಗಕ್ಕೆ ಹಗ್ಗ ಗಂಟು ಹಾಕಿ ಸೇದಬೇಕಾಗುತ್ತಿತ್ತು.

ಬಾವಿಗೂ ನಮ್ಮ ಮನೆಗೂ ಮಧ್ಯೆ ಇದ್ದದ್ದೇ ನಮ್ಮ ತಿಪ್ಪೆ. ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ಮನೆಯ ಕಸ, ಎಲ್ಲ ಅಲ್ಲಿಗೇ. ಸಿಟಿಯವರು ಕಸ ಅಂತ ಬಿಸಾಡುವುದನ್ನು ನಾವು ವರ್ಷವಿಡೀ ಕೂಡಿಡುತ್ತಿದ್ದೆವು. ದೀಪಾವಳಿಯಲ್ಲಿ ತಿಪ್ಪೆಯ ನೆತ್ತಿಯ ಮೇಲೂ ಒಂದು ಹಣತೆ. ಅದು ಬರೀ ಗೊಬ್ಬರದ ಗುಡ್ಡೆಯಲ್ಲ, ಮನೆಯ ಮಾನ. ನಮ್ಮ ಕಡೆ ಹೆಣ್ಣು ಕೊಡುವವರು ಮನೆ ನೋಡಲು ಬಂದರೆ ಹೊಸ್ತಿಲು ತುಳಿಯುವ ಮುಂಚೆ ತಿಪ್ಪೆ ನೋಡುತ್ತಿದ್ದರು. ತಿಪ್ಪೆ ದೊಡ್ಡದಿದ್ದರೆ ದನ ಹೆಚ್ಚು, ದನ ಹೆಚ್ಚಿದ್ದರೆ ಹೊಲಕ್ಕೆ ಗೊಬ್ಬರ, ಗೊಬ್ಬರವಿದ್ದರೆ ರಾಗಿ, ರಾಗಿಯಿದ್ದರೆ ಕೊಟ್ಟ ಹೆಣ್ಣು ಉಪವಾಸ ಬೀಳುವುದಿಲ್ಲ. ಗೋಡೆಗೆ ಸುಣ್ಣ ಬಳಿದು ಮೋಸ ಮಾಡಬಹುದು, ಒಡವೆ ಎರವಲು ತರಬಹುದು. ತಿಪ್ಪೆಯನ್ನು ಎಲ್ಲಿಂದ ಎರವಲು ತರುತ್ತೀರಿ?

ಊರಿನಲ್ಲೇ ದೊಡ್ಡ ತಿಪ್ಪೆ ನಮ್ಮದು. ಅದರ ಯಜಮಾನಿ ನಮ್ಮವ್ವ, ಪಿಳ್ಳಮ್ಮ. ಅಪ್ಪ ಮಾತು ಕಡಿಮೆಯ ಮನುಷ್ಯ. ಅವನ ಪಾಲಿನ ಮಾತನ್ನೂ ಅವ್ವನೇ ಆಡಿ ಮುಗಿಸುತ್ತಿದ್ದಳು.

ಬಾವಿಯ ಇನ್ನೊಂದು ಮಗ್ಗುಲಲ್ಲಿ, ಬೇವಿನ ಮರದ ಬುಡದಲ್ಲಿ, ಮಾರಮ್ಮನ ಕಲ್ಲಿತ್ತು. ಊರವರೆಲ್ಲ ಅಲ್ಲಿ ಕೈ ಮುಗಿದೇ ಬಿಂದಿಗೆ ಎತ್ತುತ್ತಿದ್ದರು. ಅವ್ವ ಮಾತ್ರ ಮುಖ ತಿರುಗಿಸಿಕೊಂಡು, "ಕಣ್ಣಿಲ್ದೋಳು" ಅಂತ ಬೈದು ಹೋಗುತ್ತಿದ್ದಳು. ಅದಕ್ಕೊಂದು ಕಾರಣ ಇತ್ತು. ನನಗೆ ಕೆಂಪಿ ಅಂತ ಒಬ್ಬಳು ತಂಗಿ ಇದ್ದಳು. ನಾನು ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಮಳೆಗಾಲ ಊರಿಗೆ ವಾಂತಿಭೇದಿ ಬಂತು. ಬೆಳಗ್ಗೆ ಅಂಗಳದಲ್ಲಿ ಕೋಳಿ ಅಟ್ಟಿಕೊಂಡು ಆಡುತ್ತಿದ್ದ ಮಗು ಸಂಜೆಗೆ ಇರಲಿಲ್ಲ. ಮಾರಮ್ಮ ಮುನಿದಳು ಅಂದರು ಊರವರು. ಹರಕೆ ಕಟ್ಟಿಕೊಂಡಿದ್ದರೂ ಮಗುವನ್ನು ಬಿಡಲಿಲ್ಲವಲ್ಲ ಅಂತ ಅವ್ವ ಅವತ್ತಿನಿಂದ ಆ ದೇವರ ಜೊತೆ ಮಾತು ಬಿಟ್ಟಳು. ಬೈಗುಳ ಬಿಡಲಿಲ್ಲ.

ಇನ್ನು ನನ್ನ ಕಥೆ. ಯಶವಂತಪುರದ ಒಂದು ಲೇತ್ ಅಂಗಡಿಯಲ್ಲಿ ನನಗೆ ಕೆಲಸ. ದಿನಾ ಸೈಕಲ್ಲು ತುಳಿದುಕೊಂಡು ಹೋಗಿ ಬರುತ್ತಿದ್ದೆ. ಅಲ್ಲಿ ನಮ್ಮ ಅಂಗಡಿಯ ಹಿಂದಿನ ಬೀದಿಗೆ ಆಗಲೇ ಕೊಳಾಯಿ ಬಂದಿತ್ತು. ಒಂದು ಸಂಜೆ ಅಲ್ಲಿ ನೀರು ಕುಡಿಯೋಣ ಅಂತ ನಿಂತೆ. ಸಾಲಿನಲ್ಲಿ ಬಿಂದಿಗೆಗಳು. ಯಾವನೋ ದೊಡ್ಡ ಮನುಷ್ಯ ಪಕ್ಕದಿಂದ ಬಂದು ತನ್ನ ಹಂಡೆಯನ್ನು ಎಲ್ಲಕ್ಕಿಂತ ಮುಂದಿಟ್ಟ. ಸಾಲಿನಲ್ಲಿದ್ದ ಒಬ್ಬ ಹುಡುಗಿ ಆ ಹಂಡೆಯನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿ, "ಯಾಕಣ್ಣ, ಕೊಳಾಯಿಗೂ ನಿಂಗೂ ಮದ್ವೆ ಆಗೈತಾ, ಬಂದಿದ್ದೇ ಕೈ ಹಿಡಿಯಾಕೆ?" ಅಂದಳು. ಸಾಲು ಗೊಳ್ಳೆಂದಿತು. ಆ ಮನುಷ್ಯ ಹಂಡೆ ಎತ್ತಿಕೊಂಡು ಹಿಂದಕ್ಕೆ ಹೋದ. ನನಗೆ ಅವತ್ತಿನಿಂದ ಸಂಜೆಯಾದರೆ ವಿಪರೀತ ಬಾಯಾರಿಕೆ.

ವಿಚಾರಿಸಿದರೆ ನಮ್ಮ ಜನವೇ, ದೂರದಲ್ಲಿ ಸಂಬಂಧವೂ ಇತ್ತು. ಹೆಸರು ಜಯಮ್ಮ. ಅಪ್ಪ ಹೋಗಿ ಮಾತೆತ್ತಿದ. ವಾಪಸು ಬಂದವನು ಚಪ್ಪಲಿ ಬಿಟ್ಟು, ನೀರು ಕುಡಿದು, ಆಮೇಲೆ ಹೇಳಿದ. ಹುಡುಗಿಯ ಅಪ್ಪನಿಗೆ ಒಪ್ಪಿಗೆ ಇದೆ, ಆದರೆ ಎರಡು ತೊಡಕು. ಒಂದು, ಹುಡುಗಿಯ ತಾತ ಇನ್ನೂ ಗಟ್ಟಿಯಾಗಿದ್ದಾನೆ, ತಿಪ್ಪೆ ನೋಡದೆ ಹೆಣ್ಣು ಕೊಡುವವನಲ್ಲ. ಎರಡು, ಹುಡುಗಿಯ ಅಕ್ಕನನ್ನು ದೇವನಹಳ್ಳಿಯ ಆಚೆ ಯಾವುದೋ ಊರಿಗೆ ಕೊಟ್ಟಿದ್ದಾರೆ, ಅಲ್ಲಿ ಬಾವಿ ಪಾತಾಳದಷ್ಟು ಆಳ. ಗೌರಿ ಹಬ್ಬಕ್ಕೆ ತವರಿಗೆ ಬಂದವಳ ಅಂಗೈ ಹಗ್ಗ ಕೊಯ್ದು ಕೊಯ್ದು ಎಕ್ಕಡದ ಅಟ್ಟೆಯ ಹಾಗಾಗಿತ್ತಂತೆ. ಅದನ್ನು ನೋಡಿದ ಜಯಮ್ಮ, ಮನೆಯ ಮುಂದೆ ಕೊಳಾಯಿ ಇದ್ದರೆ ಮಾತ್ರ ಮದುವೆ, ಇಲ್ಲದಿದ್ದರೆ ಮಹಾರಾಜರ ಮನೆಯಾದರೂ ಬೇಡ ಅಂದಿದ್ದಾಳೆ.

"ತಿಪ್ಪೆ ಐತಲ್ಲ. ಕೊಳಾಯಿ ಬಂದ್ರೆ ಬತ್ತದೆ, ಬಿಟ್ರೆ ಬಿಡ್ತದೆ. ತಾತನ್ನ ಕರ್ಕಂಡ್ ಬರಾಕೇಳು" ಅಂದಳು ಅವ್ವ.

ವಿಚಿತ್ರ ಏನೆಂದರೆ ಕೊಳಾಯಿ ನಿಜವಾಗಿಯೂ ಬರುವುದರಲ್ಲಿತ್ತು. ಊರೂರಿಗೆ ಪೈಪು ಹಾಕಿಸುವ ಯೋಜನೆಯಲ್ಲಿ ನಮ್ಮೂರಿಗೂ ಒಂದೇ ಒಂದು ಬೀದಿ ಕೊಳಾಯಿ ಮಂಜೂರಾಗಿತ್ತು. ಅದನ್ನು ಎಲ್ಲಿ ನೆಡಬೇಕು ಅಂತ ಹೇಳುವ ಅಧಿಕಾರ ಹೆಲ್ತ್ ಇನ್‌ಸ್ಪೆಕ್ಟರದು. ಅವರು ಬಿಳಿ ಪ್ಯಾಂಟಿನ, ತೆಳ್ಳನೆಯ, ಒಳ್ಳೆಯ ಮನುಷ್ಯ. ಸೈಕಲ್ಲಿನ ಹಿಂದೆ ಸುರುಳಿ ಸುತ್ತಿದ ಬಣ್ಣದ ಪಟಗಳನ್ನು ಕಟ್ಟಿಕೊಂಡು ಬರುತ್ತಿದ್ದರು. ಆ ಪಟಗಳೆಲ್ಲ ಅಮೆರಿಕದವು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಪಟ್ಟಣಗಳು ಹೇಗೆ ಗಬ್ಬೆದ್ದಿದ್ದವು, ಆಮೇಲೆ ಹೇಗೆ ಚೊಕ್ಕಟವಾದವು ಅನ್ನುವುದು ಅವರ ಭಾಷಣ. ಅರಸೀಕೆರೆ ದಾಟಿ ಆಚೆ ಹೋದವರಲ್ಲವಾದರೂ ಊರವರು ಅವರಿಗೆ ಅಮೆರಿಕದ ಸಾಹೇಬ್ರು ಅಂತಲೇ ಹೆಸರಿಟ್ಟಿದ್ದರು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ಬೇವಿನ ಮರಕ್ಕೆ ಪಟಗಳನ್ನು ನೇತುಹಾಕಿ ಶುರುಮಾಡಿದರು. ಮೊದಲನೆಯ ಪಟದಲ್ಲಿ ನ್ಯೂಯಾರ್ಕಿನ ಬೀದಿ. ಟೋಪಿ ಹಾಕಿದ ಗಂಡಸರು, ಗೌನಿನ ಹೆಂಗಸರು, ಅವರ ಕಾಲಡಿಯಲ್ಲಿ ಹಂದಿಗಳು.

"ನೋಡಿ, ಆಗ ಅಲ್ಲಿ ಕಸ ಎತ್ತೋಕೆ ಸರಿಯಾದ ವ್ಯವಸ್ಥೆ ಇರಲಿಲ್ಲ. ಜನ ಕಸಾನ ಬೀದಿಗೆ ಎಸೀತಿದ್ರು, ಹಂದಿಗಳು ತಿಂತಿದ್ದವು" ಅಂದರು.

"ಅಂದ್ರೆ ನಮ್ಮೂರಂಗೇ" ಅಂದರು ಯಾರೋ, ಬಹಳ ಸಮಾಧಾನದಿಂದ.

ಮುಂದಿನ ಪಟದಲ್ಲಿ ಕುದುರೆ ಗಾಡಿಗಳು, ಪಕ್ಕದಲ್ಲಿ ಲದ್ದಿಯ ಗುಡ್ಡೆ. ಸಾವಿರಾರು ಕುದುರೆ, ರಾಶಿ ರಾಶಿ ಲದ್ದಿ ಅಂತ ಸಾಹೇಬರು ಮುಖ ಸಿಂಡರಿಸಿದರು. ನಮ್ಮವರ ಮುಖ ಅರಳಿತು. ಸೊಸೈಟಿ ಅಂಗಡಿಯಲ್ಲಿ ಆಗ ಅಮೆರಿಕದ ಗೋಧಿ ಕೊಡುತ್ತಿದ್ದರು. ಅವ್ವ ಎದ್ದು ನಿಂತು ಊರಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಈಗ ಗೊತ್ತಾಯ್ತಾ? ಅಷ್ಟೊಂದ್ ತಿಪ್ಪೆ ಇದ್ದಿದ್ಕೇ ಆ ಪಾಟಿ ಗೋದಿ ಬೆಳ್ದು, ತಾವೂ ತಿಂದು, ನಮ್ಗೂ ಕಳಿಸ್ತಾ ಅವ್ರೆ!"

ಜನ ಹೌದು ಹೌದು ಅಂದರು. ಸಾಹೇಬರು ಬೆವರು ಒರೆಸಿಕೊಂಡರು. ಹಾಗಲ್ಲ ತಾಯಿ, ಆ ಕೊಳೆಯೆಲ್ಲ ಬಾವಿಗೆ ಇಳಿದು, ಆ ನೀರು ಕುಡಿದು ಕಾಲರಾ ಬಂದು ಜನ ನೊಣದ ಹಾಗೆ ಸತ್ತರು ಅಂತ ವಿವರಿಸಿದರು. ಆಮೇಲೆ ದೂರದ ನದಿಗೆ ಅಣೆ ಕಟ್ಟಿ ಕೊಳವೆಯಲ್ಲಿ ನೀರು ತಂದರು, ನೀರು ಬಂದ ದಿನ ಊರೆಲ್ಲ ಮೆರವಣಿಗೆ ಮಾಡಿತು, ತೋಪು ಹಾರಿಸಿದರು ಅಂದರು. ಷಿಕಾಗೋ ಅಂತ ಇನ್ನೊಂದು ಪಟ್ಟಣ. ಅಲ್ಲಿ ಚರಂಡಿಯೆಲ್ಲ ನದಿಗೆ, ನದಿ ಕೆರೆಗೆ, ಕುಡಿಯುವುದು ಅದೇ ಕೆರೆಯ ನೀರು. ಕೊನೆಗೆ ಆ ಜನ ಕಾಲುವೆ ತೋಡಿ ನದಿಯನ್ನೇ ಹಿಂದುಮುಂದಾಗಿ ಹರಿಯುವ ಹಾಗೆ ಮಾಡಿದರಂತೆ. ಇಷ್ಟು ಹೇಳಿ ಅವರು ನಮ್ಮ ತಿಪ್ಪೆಯ ಕಡೆ ಕೋಲು ತೋರಿಸಿದರು.

"ಅದಕ್ಕೇ ಹೇಳೋದು. ಕೊಳಾಯಿಗೆ ಊರ ಮಧ್ಯದ ಈ ಜಾಗಾನೇ ಸರಿ. ಆದರೆ ಈ ತಿಪ್ಪೆ ಇಲ್ಲಿರಕೂಡದು. ತೆಗೆದರೆ ಇಲ್ಲೇ ಕೊಳಾಯಿ. ಇಲ್ಲಾಂದ್ರೆ ಮೇಲಿನ ಬೀದಿಗೆ ಬರೀತೀನಿ."

"ನೀವೇ ಏಳಿದ್ರಲ್ಲ ಸ್ವಾಮಿ," ಅಂದಳು ಅವ್ವ. "ಅಮೇರಿಕದೋರು ತಿಪ್ಪೆ ತಂಟೆಗೆ ಓಗ್ದೆ ನದೀನೇ ತಿರುಗಿಸ್ಕಂಡ್ರು ಅಂತ. ನೀವೂ ಅಂಗೇ ಬಾವೀನ ಅತ್ಲಾಗ್ ತಿರುಗಿಸ್ಕಳಿ. ತಿಪ್ಪೆ ನಮ್ಮತ್ತೆ ಕಾಲದಿಂದ ಇಲ್ಲೇ ಐತೆ, ಇಲ್ಲೇ ಇರ್ತದೆ."

ನನ್ನ ಸ್ಥಿತಿ ನೋಡಿ. ತಿಪ್ಪೆ ಇದ್ದರೆ ಕೊಳಾಯಿ ಇಲ್ಲ, ಕೊಳಾಯಿ ಇಲ್ಲದಿದ್ದರೆ ಜಯಮ್ಮ ಇಲ್ಲ. ತಿಪ್ಪೆ ತೆಗೆದರೆ ತಾತ ಒಪ್ಪುವುದಿಲ್ಲ, ಆಗಲೂ ಜಯಮ್ಮ ಇಲ್ಲ. ಊರಿನಲ್ಲಿ ಎಲ್ಲರೂ ಮುಂಗಾರಿಗೆ ಮುಂಚೆ ಹೊಲಕ್ಕೆ ಗೊಬ್ಬರ ಹೊಡೆದು ಮುಗಿಸಿದ್ದರು. ನಮ್ಮದೊಂದು ಮಾತ್ರ, ಹೆಣ್ಣಿನವರು ನೋಡಲಿ ಅಂತ, ಮದುವೆ ಗಂಡಿನ ಹಾಗೆ ಹಾಗೇ ನಿಂತಿತ್ತು. ಅಮೆರಿಕದ ಭಾಷಣ ಕೇಳಿದ ಮೇಲಂತೂ ಅವ್ವ ದಾರಿಯಲ್ಲಿ ಹೋಗುವ ಎತ್ತುಗಳ ಹಿಂದೆಯೂ ಬುಟ್ಟಿ ಹಿಡಿದು ಓಡಿ ಅದನ್ನು ಇನ್ನಷ್ಟು ಎತ್ತರ ಮಾಡಿದಳು.

ಗ್ರಹಚಾರಕ್ಕೆ ಸಾಹೇಬರು ಜಾಗ ಗೊತ್ತು ಮಾಡಲು ಬರುವ ದಿನ, ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ದಿನ, ಎರಡೂ ಒಂದೇ ಆಯಿತು. ಸಾಹೇಬರು ಬೆಳಗ್ಗೆ, ಹೆಣ್ಣಿನವರು ಊಟದ ಹೊತ್ತಿಗೆ. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಲೇತ್ ಮೇಲೆ ಕೆಲಸ ಮಾಡುವವನ ತಲೆ, ಏನಾದರೂ ಸುತ್ತುತ್ತಲೇ ಇರುತ್ತದೆ. ಬೆಳಗ್ಗೆ ತಿಪ್ಪೆಗೆ ಸುತ್ತಲೂ ರಾಗಿ ಹುಲ್ಲು ಹೊದಿಸಿ ಹುಲ್ಲಿನ ಮೆದೆಯ ಹಾಗೆ ಕಾಣಿಸುವುದು. ಸಾಹೇಬರು ನೋಡಿ, ತಿಪ್ಪೆ ಹೋಯಿತು ಅಂತ ಬರೆದುಕೊಂಡು ಹೋದ ಮೇಲೆ ಹುಲ್ಲು ಕಿತ್ತು ತಾತನಿಗೆ ತಿಪ್ಪೆಯ ದರ್ಶನ ಮಾಡಿಸುವುದು. ಅವ್ವನಿಗೆ ಹೇಳಿದರೆ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ತಲೆ ಸವರಿ, "ಓದಿಸಿದ್ಕೂ ಸಾರ್ತಕ ಆಯ್ತು" ಅಂದಳು.

ಕೆಳಗಿನ ಬೀದಿಯವರೆಲ್ಲ ಸೇರಿ ಬೆಳಕು ಹರಿಯುವ ಹೊತ್ತಿಗೆ ಹುಲ್ಲು ಹೊದಿಸಿದೆವು. ಕೊಳಾಯಿ ನಮ್ಮ ಬೀದಿಗೇ ಬರಬೇಕಲ್ಲ, ಗುಟ್ಟು ಯಾರೂ ಬಿಡಲಿಲ್ಲ. ಕೆಲಸ ಎಷ್ಟು ಚೆನ್ನಾಗಿತ್ತೆಂದರೆ ನಮ್ಮ ಎಮ್ಮೆಯೇ ಮೋಸ ಹೋಗಿ ಮೇಯಲು ಬಂತು. ಆದರೆ ಹಿಂದಿನ ಸಂಜೆ ಒಂದು ಹದ ಮಳೆ ಬಿದ್ದಿತ್ತು. ಬಲಿತ ತಿಪ್ಪೆಯ ಒಳಗೆ ಕೈ ಇಟ್ಟವರಿಗೆ ಗೊತ್ತು, ಅದು ಒಳಗೊಳಗೇ ಕುದಿಯುತ್ತಿರುತ್ತದೆ. ಮಳೆ ನೀರು ಇಳಿದು, ಮೇಲೆ ಹುಲ್ಲಿನ ಕಂಬಳಿಯನ್ನೂ ಹೊದಿಸಿ, ಬೆಳಗಿನ ತಂಪು ಗಾಳಿ ಸೋಕಿತೋ ಇಲ್ಲವೋ, ಮೆದೆಯ ನೆತ್ತಿಯಿಂದ ಬೆಳ್ಳಗೆ ಹಬೆ ಏಳತೊಡಗಿತು.

ಸರಿಯಾಗಿ ಆಗಲೇ ಸಾಹೇಬರ ಸೈಕಲ್ಲು ಬೀದಿಗೆ ತಿರುಗಿತು. ಅವರು ಒಂದು ಕ್ಷಣ ಮೆದೆಯನ್ನು ನೋಡಿದರು. ಸೈಕಲ್ಲನ್ನು ಅಲ್ಲೇ ಬಿಸಾಕಿದರು.

"ಬೆಂಕಿ! ಹುಲ್ಲಿಗೆ ಬೆಂಕಿ ಬಿದ್ದಿದೆ! ಏನ್ರೀ ನೋಡ್ತಾ ನಿಂತಿದ್ದೀರಿ, ನೀರು ತನ್ನಿ!"

ಬೆಂಕಿಯಲ್ಲ ಅನ್ನಬೇಕಾದರೆ ಏನು ಅಂತಲೂ ಹೇಳಬೇಕಾಗುತ್ತದೆ. ಕೆಳಗಿನ ಬೀದಿ ಇಡೀ ಬಾಯಿ ಹೊಲಿದುಕೊಂಡು ನಿಂತಿತು. ಕೊನೆಗೆ ಅವ್ವನೇ, "ಅಯ್ಯಯ್ಯೋ, ಬೆಂಕಿ ಕಣ್ರಪ್ಪೋ!" ಅಂತ ಎದೆ ಬಡಿದುಕೊಂಡು, ಒಂದು ಚೊಂಬು ನೀರು ತಂದು ತುಳಸಿಗೆ ಹಾಕುವ ಹಾಗೆ ನಾಜೂಕಾಗಿ ಚಿಮುಕಿಸಿದಳು. ನಾವೆಲ್ಲ ಹಾಗೇ ಚೊಂಬು ಹಿಡಿದು ಆಟ ಆಡಿದೆವು. ಸಾಹೇಬರಿಗೆ ಕೋಪ ಬಂತು. ಪ್ಯಾಂಟು ಮಡಚಿ ತಾವೇ ಬಾವಿಗೆ ಹಗ್ಗ ಬಿಟ್ಟರು. ಅಷ್ಟರಲ್ಲಿ ಕೂಗು ಕೇಳಿ ಮೇಲಿನ ಬೀದಿಯವರು ಓಡಿ ಬಂದರು. ಅವರಿಗೆ ನಮ್ಮ ಗುಟ್ಟು ಗೊತ್ತಿರಲಿಲ್ಲ, ಪಾಪ, ನಿಜವಾಗಿಯೂ ಬೆಂಕಿ ಆರಿಸಲು ಬಂದವರು. ಕೊಡ, ಬಿಂದಿಗೆ, ಹಂಡೆ, ಸಿಕ್ಕಿದ್ದರಲ್ಲೆಲ್ಲ ನೀರು ಹೊಯ್ದರು. ಹೊಯ್ದಷ್ಟೂ ಹಬೆ ಹೆಚ್ಚಾಯಿತು. ಹಬೆ ಹೆಚ್ಚಾದಷ್ಟೂ ಸಾಹೇಬರು "ಇನ್ನೂ ತನ್ನಿ, ಇನ್ನೂ ತನ್ನಿ" ಅಂದರು.

ಆ ಗಲಾಟೆಯಲ್ಲಿ ಹೆಗಲ ಮೇಲಿನ ಹೊಸ ವಲ್ಲಿಯನ್ನು ಸೊಂಟಕ್ಕೆ ಬಿಗಿದುಕೊಂಡ ಒಬ್ಬ ಮುದುಕ ನನ್ನ ಕೈಯ ಚೊಂಬು ಕಿತ್ತು ಬಿಸಾಡಿ, "ಚೊಂಬಲ್ಲಿ ಆರ್ತದೇನ್ಲಾ, ತತ್ತಾ ಕೊಡಾನ!" ಅಂತ ಪಕ್ಕದವನ ಕೊಡ ತೆಗೆದುಕೊಂಡು ಎರಚಿದ. ಯಾರಪ್ಪ ಇಷ್ಟು ಉಪಕಾರಿ ಅಂತ ತಿರುಗಿ ನೋಡಿದರೆ, ಹಿಂದೆ ಹಣ್ಣುಕಾಯಿಯ ತಟ್ಟೆ ಹಿಡಿದು ಬಾಯಿ ಬಿಟ್ಟು ನಿಂತಿದ್ದವನು ಜಯಮ್ಮನ ಅಪ್ಪ. ಊಟದ ಹೊತ್ತಿಗೆ ಬರಬೇಕಾದವರು ಬಿಸಿಲೇರುವ ಮುಂಚೆಯೇ ಬಂದುಬಿಟ್ಟಿದ್ದರು. ಕೊಡ ಎರಚಿದವನು ತಾತ.

ತಾತನ ಕೊಡವೇ ಕೊನೆಯದು. ನೆನೆದ ಹುಲ್ಲು ಭಾರಕ್ಕೆ ಜಾರಿ, ಮದುಮಗಳ ಸೆರಗು ಜಾರಿದ ಹಾಗೆ ಇಡೀ ಮಗ್ಗುಲು ಕೆಳಗೆ ಕೂತಿತು. ಒಳಗಿನಿಂದ ನಮ್ಮ ತಿಪ್ಪೆ ಕಪ್ಪಗೆ, ಹಬೆಯಾಡುತ್ತ, ಊರಿಗೆಲ್ಲ ದರ್ಶನ ಕೊಟ್ಟಿತು. ಹೊಯ್ದ ನೀರೆಲ್ಲ ಕಪ್ಪು ರಸವಾಗಿ ಬುಡದಲ್ಲಿ ನಿಂತು, ತುಳುಕಿ, ತಾತನ ಕಾಲು ನೆನೆಸಿಕೊಂಡು, ಇಳಿಜಾರು ಹಿಡಿದು, ಬಾವಿಯ ಕಟ್ಟೆ ಒಡೆದಿದ್ದ ಕಡೆಯಿಂದ ಸಳಸಳ ಅಂತ ಒಳಗೆ ಬಿತ್ತು. ಎಲ್ಲರೂ ಅದನ್ನೇ ನೋಡಿದೆವು.

"ಇದೇ! ಇದೇ ನಾನು ಹೇಳಿದ್ದು, ಅಮೆರಿಕದಲ್ಲೂ ಹೀಗೇ..." ಅಂತ ಸಾಹೇಬರು ಗೆದ್ದವರ ಹಾಗೆ ಶುರುಮಾಡಿದವರು ಅವ್ವನ ಮುಖ ನೋಡಿ ನಿಲ್ಲಿಸಿದರು.

ಅವ್ವ ಚೊಂಬು ಕೆಳಗಿಟ್ಟು ಬಾವಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಸ್ವಾಮಿ, ಮಳೆ ಬಂದಾಗ್ಲೆಲ್ಲ ಇಂಗೇ ಓಯ್ತದಾ?"

"ಹೌದು ತಾಯಿ."

"ಆವಾಗ್ಲೂ ಓಗಿತ್ತಾ?"

"ಯಾವಾಗ ತಾಯಿ?"

ಈ ಸಲ ಅವ್ವನ ಪಾಲಿನ ಮಾತನ್ನು ಅಪ್ಪ ಆಡಿದ. "ನಮ್ ಕೆಂಪಿ ತೀರ್ಕಂಡಾಗ ಸ್ವಾಮಿ. ವಾಂತಿಭೇದೀಲಿ."

ಸಾಹೇಬರು ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು. ಅಷ್ಟು ಮಾತಾಡುವ ಮನುಷ್ಯ ಆಗ ಬಹಳ ಹುಡುಕಿ ಹುಡುಕಿ ಮಾತಾಡಿದರು. "ಅದನ್ನ ಈಗ ಹೇಳೋಕಾಗಲ್ಲ ತಾಯಿ. ಇರಬಹುದು. ಆದರೆ ಗೊತ್ತಿದ್ದು ಯಾರೂ ಮಾಡಿದ್ದಲ್ಲ. ಆ ಅಮೆರಿಕದೋರು ಅಷ್ಟು ಓದಿಕೊಂಡಿದ್ದವರು, ಕೆಟ್ಟ ಗಾಳಿಯಿಂದ ರೋಗ ಬರುತ್ತೆ ಅಂದ್ಕೊಂಡು ಅದೇ ಬಾವಿ ನೀರು ಕುಡೀತಾನೇ ಇದ್ರು. ಮಕ್ಕಳನ್ನ ಕಳ್ಕೊಂಡ್ರು."

ಅವ್ವ ಬಾವಿಕಟ್ಟೆಯ ಮೇಲೆ ಕೂತಳು. ನನಗೆ ಕಣ್ಣು ತುಂಬಿ ಬಂತು. ಮದುವೆ, ಕೊಳಾಯಿ, ಯಾವುದೂ ಆ ಹೊತ್ತಿಗೆ ಬೇಡವಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನನ್ನ ಕಡೆ ತಿರುಗಿದಳು.

"ಮುನಿರಾಜಾ, ಎತ್ತು ಕಟ್ಟೋ. ಇವತ್ತೇ ಒಲಕ್ಕೆ ಸಾಗ್ಸು. ಒಂದು ಮಂಕರಿ ಗೊಬ್ರಾನೂ ಇಲ್ಲಿರಬಾರ್ದು. ಇನ್ಮೇಲೆ ತಿಪ್ಪೆ ಒಲದಾಗೇ."

ಆಗ ಎಲ್ಲರಿಗೂ ತಾತನ ನೆನಪಾಯಿತು. ಅವನು ಕಣಕಾಲ ಮಟ್ಟ ರಸದಲ್ಲಿ ನಿಂತು, ನಮ್ಮ ತಿಪ್ಪೆಯಿಂದ ಒಂದು ಹಿಡಿ ತೆಗೆದು, ಹಿಚುಕಿ, ಮೂಸಿ, ಬೆರಳುಗಳ ಮಧ್ಯೆ ಉದುರಿಸಿ ನೋಡುತ್ತಿದ್ದ. ಜಯಮ್ಮನ ಅಪ್ಪ ಹೆದರಿಕೊಂಡೇ, "ಅಪ್ಪಯ್ಯ, ಇವ್ರು ಉಲ್ಲು ಒದ್ಸಿ ಮೋಸ ಮಾಡಕ್ ನೋಡವ್ರೆ" ಅಂದ.

"ಸುಮ್ಕಿರು," ಅಂದ ತಾತ. "ಇಲ್ದಿರಾದ್ನ ಐತೆ ಅಂತ ತೋರ್ಸೋರ್ನ ಬೇಕಾದಷ್ಟ್ ಜನನ್ನ ನೋಡಿವ್ನಿ. ಇಷ್ಟ್ ದೊಡ್ ತಿಪ್ಪೆ ಮಡಿಕ್ಕಂಡು ಬಚ್ಚಿಡೋರ್ನ ಇವತ್ತೇ ನೋಡಿದ್ದು. ಜಂಬ ಇಲ್ದಿರೋ ಜನ. ಎಣ್ಣು ಕೊಡಾನ."

"ಉಡ್ಗಿ ಕೊಳಾಯಿ ಕೇಳ್ತಾಳಲ್ಲಪ್ಪ?"

"ತಿಪ್ಪೆ ಹೋದ್ರೆ ಇದೇ ಜಾಗದಲ್ಲಿ ಕೊಳಾಯಿ. ನಾನೇ ಬರೆದು ಕೊಡ್ತೀನಿ" ಅಂದರು ಸಾಹೇಬರು. ಅವರ ಬಿಳಿ ಪ್ಯಾಂಟು ಬಿಳಿಯಾಗಿ ಉಳಿದಿರಲಿಲ್ಲ.

ಅವತ್ತು ಎರಡೂ ಬೀದಿಯ ಗಾಡಿಗಳು ಸೇರಿ ತಿಪ್ಪೆ ಸಾಗಿಸಿದವು. ತಾತ ಊಟಕ್ಕೂ ಕೂರದೆ ಮೊದಲನೆಯ ಗಾಡಿಯ ಹಿಂದೆಯೇ ಹೊಲದವರೆಗೆ ನಡೆದ. ಯಾಕೆ ತಾತ, ಬಿಸಿಲು ಅಂದರೆ, "ಯಾರ್ ಒಲಕ್ಕೆ ಓಯ್ತದೋ ನೋಡ್ಬೇಕಲ್ಲಪ್ಪ" ಅಂದ.

ಬಾವಿಯನ್ನು ಬತ್ತಿಸಿ, ಕೆಸರು ತೆಗೆದು, ಔಷಧಿ ಪುಡಿ ಹಾಕಿ ಚೊಕ್ಕಟ ಮಾಡಿದರು. ಒಂದಷ್ಟು ದಿನ ನಮ್ಮೂರ ಮುದ್ದೆ, ಸಾರು, ಕಾಫಿ ಎಲ್ಲವೂ ಆಸ್ಪತ್ರೆಯ ವಾಸನೆ ಹೊಡೆದವು. ತಿಪ್ಪೆ ಇದ್ದ ಕಡೆ ಸಿಮೆಂಟಿನ ಕಟ್ಟೆ ಎದ್ದಿತು, ಕಂಬ ನೆಟ್ಟರು, ಹೊಳೆಯುವ ಹಿತ್ತಾಳೆಯ ಕೊಳಾಯಿ ಕೂರಿಸಿದರು. ಅದರ ಎದುರಿಗೇ ಚಪ್ಪರ ಹಾಕಿ ನನ್ನ ಮದುವೆಯೂ ಆಯಿತು.

ಮನೆ ತುಂಬಿಸಿಕೊಂಡ ಮಾರನೆಯ ಬೆಳಗ್ಗೆ ಜಯಮ್ಮ ಹೊಸ ಬಿಂದಿಗೆ ಹಿಡಿದು ಹೊರಗೆ ಬಂದಳು. ಕೊಳಾಯಿ ತಿರುಗಿಸಿದಳು. ಬುಸ್ ಅಂತ ಗಾಳಿ ಬಂತು. ಇನ್ನಷ್ಟು ತಿರುಗಿಸಿದಳು. ಒಂದು ಜಿರಲೆ ಬಂತು. ಪೈಪು ಇನ್ನೂ ಹೆಬ್ಬಾಳವನ್ನೇ ದಾಟಿಲ್ಲ ಅನ್ನುವ ವಿಷಯವನ್ನು ನಾವು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ಕೊಳಾಯಿ ಐತಾ ಅಂತ ಕೇಳಿದ್ದು ನನ್ ತಪ್ಪು. ನೀರೈತಾ ಅಂತ ಕೇಳ್ಬೇಕಾಗಿತ್ತು."

ಬಿಂದಿಗೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅವತ್ತಿನಿಂದ ನೀರು ಸೇದುವ ಕೆಲಸ ನನ್ನದು. ಊರಿನಲ್ಲಿ ಗಂಡಸು ದನಕ್ಕೆ ನೀರು ಸೇದಿದರೆ ಯಾರೂ ಏನೂ ಅನ್ನುವುದಿಲ್ಲ, ಅಡುಗೆಗೆ ಸೇದಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಮುನಿರಾಜಾ, ಎಂಡ್ತಿ ತಂದ್ಯೋ ಯಜಮಾನಿ ತಂದ್ಯೋ?" ಅಂತ ಮೇಲಿನ ಬೀದಿಯ ಹುಡುಗರು ಕೂಗುತ್ತಿದ್ದರು. ಅವ್ವ ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡರೆ, ಅವಳು ಕೊಟ್ಟಿಗೆಯ ನೀರನ್ನೂ ನನ್ನ ತಲೆಗೇ ಕಟ್ಟಿದಳು. ಒಂದು ದಿನ ಊಟಕ್ಕೆ ಕೂತಾಗ ಮುದ್ದೆ ಮುರಿಯಲು ಆಗದೆ ಒದ್ದಾಡುತ್ತಿದ್ದೆ. ಜಯಮ್ಮ ನನ್ನ ಕೈ ತಿರುಗಿಸಿ ನೋಡಿದಳು. ಅಂಗೈ ತುಂಬ ಬೊಕ್ಕೆ. ಮಾರನೆಯ ಬೆಳಗ್ಗೆ ನಾನು ಹಗ್ಗ ಬಿಟ್ಟಾಗ ಹಿಂದಿನಿಂದ ಬಂದು, "ಬಿಡಿ ಇತ್ಲಾಗೆ, ಒಂದ್ ಕೈ ನಂದೂ ಇರ್ಲಿ" ಅಂತ ಹಗ್ಗ ಹಿಡಿದಳು. ಬಾವಿ ಸೇದುವುದಿಲ್ಲ ಅಂತ ಹಟ ಹಿಡಿದಿದ್ದವಳು. ನನಗೆ ಅವಳು ನಿಜವಾಗಿ ಹೆಂಡತಿಯಾದದ್ದು ಅವತ್ತು ಅಂತ ಈಗಲೂ ಅನ್ನಿಸುತ್ತದೆ.

ಮುಂಗಾರು ಹಿಡಿದು, ರಾಗಿ ಪೈರು ಎದ್ದ ಮೇಲೆ, ಒಂದು ಬೆಳಗ್ಗೆ ಕೊಳಾಯಿ ಕೆಮ್ಮಿತು. ಗಾಳಿ, ಕೆಂಪು ನೀರು, ಮತ್ತೆ ಗಾಳಿ, ಆಮೇಲೆ ತಿಳಿ ನೀರು. ಅಮೆರಿಕದ ಸಾಹೇಬರು ಓಡಿ ಬಂದರು. ತೋಪು ಹಾರಿಸುವವರು ನಮ್ಮಲ್ಲಿ ಇರಲಿಲ್ಲ, ಯಾರೋ ಉಳಿದಿದ್ದ ಒಂದು ಪಟಾಕಿ ಹೊಡೆದರು, ಅದೂ ಟುಸ್ ಅಂತು. ಮೊದಲನೆಯ ಬಿಂದಿಗೆ ಹಿಡಿಯುವ ಹಕ್ಕು ಜಯಮ್ಮನದು ಅಂತ ಊರೇ ಬಿಟ್ಟುಕೊಟ್ಟಿತು. ಅವಳು ಬಿಂದಿಗೆ ಇಡುವಷ್ಟರಲ್ಲಿ ಅವ್ವ ಅದನ್ನು ಸರಿಸಿ ತನ್ನ ಹಳೆಯ ಚೊಂಬು ಹಿಡಿದಳು.

ತುಂಬಿದ ಚೊಂಬು ತೆಗೆದುಕೊಂಡು ಅವಳು ಮನೆಗೆ ಹೋಗಲಿಲ್ಲ. ಬೇವಿನ ಮರದ ಬುಡಕ್ಕೆ ಹೋದಳು. ಇಷ್ಟು ವರ್ಷ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಆ ಕಲ್ಲಿನ ಮುಂದೆ ಕೂತು, ನಿಧಾನವಾಗಿ ನೀರು ಹೊಯ್ದು, ಕೈಯಿಂದ ಉಜ್ಜಿ ತೊಳೆದಳು.

"ಇಷ್ಟ್ ವರ್ಸ ನಿನ್ನೇ ಬೈದೆ ಕಣವ್ವ," ಅಂದಳು. "ನೀನ್ ಮಾಡಿದ್ದಲ್ಲ ಅಂತ ನಂಗೇನ್ ಗೊತ್ತಿತ್ತು. ಒಟ್ಟೆಗಾಕ್ಕೋ."

ಜಯಮ್ಮನಿಗೆ ಕೆಂಪಿಯ ವಿಷಯ ಪೂರ್ತಿ ಗೊತ್ತಿರಲಿಲ್ಲ. ಆದರೂ ಅತ್ತೆಯ ಬೆನ್ನು ಅಲುಗುತ್ತಿದ್ದದ್ದು ಅವಳಿಗೆ ಕಂಡಿತು. ಕಾದು ಕಾದು ತುಂಬಿಸಿಕೊಂಡಿದ್ದ ತನ್ನ ಮೊದಲನೆಯ ಬಿಂದಿಗೆಯನ್ನು ತಂದು, ಅವ್ವನ ಪಕ್ಕದಲ್ಲಿ ಕೂತು, ತಾನೂ ಆ ಕಲ್ಲಿಗೆ ಹೊಯ್ಯಲು ಬಗ್ಗಿಸಿದಳು.

ಅವ್ವ ಕಣ್ಣು ಒರೆಸಿಕೊಂಡು ಅವಳ ಕೈ ಹಿಡಿದಳು.

"ಸಾಕು, ನೀರ್ ದಂಡ ಮಾಡ್ಬ್ಯಾಡ ಮಗಾ. ಒಳಕ್ ತಗಂಡೋಗು, ಕುಡಿಯಾಕಾಯ್ತದೆ."